ಹೊಟ್ಟೆಯೊಳಗೆ ಡಂಗುರ ಹೊಡೆಯುವವರು ಯಾರು?



ಜೀರ್ಣಾಂಗಗಳ ಬಗೆಗಿನ ನಮ್ಮ ಸಂವಾದ ಕಾರ್ಯಕ್ರಮ ನೋಡಿದವರಿಗೆ ಅದರ ಕೊನೆಯ ನಿಮಿಷ ನೆನಪಿರಬಹುದು. ಸ್ಟುಡಿಯೋದಲ್ಲಿ ಕುಳಿತಿದ್ದ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ನಮ್ಮ ತಂದೆಗೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತು. ನೋವಿದ್ದದ್ದು ಹೊಟ್ಟೆಯಲ್ಲಿ. ಆದರೆ ಮೂರನೆಯ ದಿನ ಉಸಿರಾಡಲು ಆಗದೆ ವೆಂಟಿಲೇಟರ್ ಹಾಕಿದರು. ಹೊಟ್ಟೆಯ ಕಾಯಿಲೆಗೆ ಶ್ವಾಸಕೋಶ ಯಾಕೆ ಸೋಲಬೇಕು?"

ಡಾಕ್ಟರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಲವತ್ತು ಸೆಕೆಂಡು ಮಾತ್ರ ಉಳಿದಿದೆ ಎಂದು ಫ್ಲೋರ್ ಮ್ಯಾನೇಜರ್ ಸನ್ನೆ ಮಾಡಿದರು. ಆ ಸನ್ನೆ ಮಾಡಿಸಿದವನು ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನಾನೇ. ಆಕೆಯ ತಂದೆ ಹನ್ನೊಂದು ದಿನ ಯಂತ್ರದ ಮೇಲಿದ್ದು, ಗುಣವಾಗಿ ಮನೆಗೆ ಬಂದಿದ್ದಾರೆ ಎಂಬುದು ಕಾರ್ಯಕ್ರಮ ಮುಗಿದ ಮೇಲೆ ತಿಳಿಯಿತು. ಅಂಥ ಪ್ರಶ್ನೆಗೆ ನಲವತ್ತು ಸೆಕೆಂಡು ಕೊಟ್ಟದ್ದು ನನ್ನ ಮನಸ್ಸಿಗೆ ಸರಿಬರಲಿಲ್ಲ. ಅಂದು ಪರದೆಯ ಮೇಲೆ ಹಿಡಿಸದೆ ಹೋದದ್ದನ್ನು ಇಲ್ಲಿ ಹೇಳುತ್ತೇನೆ. ಸ್ವಲ್ಪ ನಿಧಾನವಾಗಿ ಓದಿ. ನಡುವೆ ಕೆಲವು ಕಷ್ಟದ ಹೆಸರುಗಳು ಬರುತ್ತವೆ, ಆದರೆ ದಾರಿ ಕಷ್ಟದ್ದಲ್ಲ.

ಮೊದಲು ಗ್ರಂಥಿಯ ಪರಿಚಯ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಸುಮಾರು 15 ಸೆಂಟಿಮೀಟರ್ ಉದ್ದವಿದೆ. ತೂಕ 100 ಗ್ರಾಮಿನ ಆಸುಪಾಸು. ಇದರ ಹೆಸರು ಕೇಳಿದೊಡನೆ ನಿಮಗೆ ಇನ್ಸುಲಿನ್ ನೆನಪಾಗುತ್ತದೆ. ಆದರೆ ಇನ್ಸುಲಿನ್ ತಯಾರಿಸುವ ಕೋಶಗಳು ಗ್ರಂಥಿಯಲ್ಲಿ ಅಲ್ಲಲ್ಲಿ ಚದುರಿದ ಸಣ್ಣ ದ್ವೀಪಗಳಷ್ಟೇ. ಉಳಿದ ಬಹುಭಾಗ ದ್ರಾಕ್ಷಿ ಗೊಂಚಲಿನಂತೆ ಜೋಡಿಸಿಕೊಂಡ ಅಸಿನಾರ್ ಕೋಶಗಳದ್ದು. ಅನ್ನ, ಬೇಳೆ, ಎಣ್ಣೆಯನ್ನು ಕರಗಿಸುವ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಸುರಿಯುವುದು ಇವುಗಳ ಕೆಲಸ. ದಿನಕ್ಕೆ ಒಂದರಿಂದ ಒಂದೂವರೆ ಲೀಟರು ರಸ, ಅದೂ 100 ಗ್ರಾಮಿನ ಗ್ರಂಥಿಯಿಂದ!

ಇಲ್ಲೊಂದು ಅಪಾಯವಿದೆ. ಮಾಂಸವನ್ನೇ ಕರಗಿಸಬಲ್ಲ ಕಿಣ್ವವನ್ನು ಮಾಂಸದಿಂದಲೇ ಆದ ಕೋಶ ತನ್ನೊಳಗೆ ಇಟ್ಟುಕೊಳ್ಳುವುದು ಹೇಗೆ? ಕಿಣ್ವವನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಪೊರೆಯ ಪೊಟ್ಟಣಗಳಲ್ಲಿ ಕಟ್ಟಿಡುವುದೇ ಅದರ ಉಪಾಯ. ಟ್ರಿಪ್ಸಿನ್ ಕೋಶದೊಳಗೆ ಇರುವುದು ಟ್ರಿಪ್ಸಿನೋಜನ್ ಎಂಬ ರೂಪದಲ್ಲಿ. ಅದು ಹರಿತವಾಗುವುದು ಕರುಳು ತಲುಪಿದ ಮೇಲೆಯೇ. ಪ್ರೋಟೀನು ಕೋಶದೊಳಗೆ ಎಲ್ಲಿ ಹುಟ್ಟಿ, ಯಾವ ದಾರಿ ಹಿಡಿದು ಈ ಪೊಟ್ಟಣಗಳನ್ನು ಸೇರುತ್ತದೆ ಎಂಬುದನ್ನು ಜಾರ್ಜ್ ಪಲಾಡೆ ಗಿನಿಯಿಲಿಯ ಮೇದೋಜೀರಕ ಕೋಶಗಳಲ್ಲಿ ಹಂತಹಂತವಾಗಿ ತೋರಿಸಿಕೊಟ್ಟರು. ಅವರು 1974ರ ನೊಬೆಲ್ ಪ್ರಶಸ್ತಿಯ ಪಾಲುದಾರರು.

ಈಗ ಸಂಕೇತದ ವಿಷಯಕ್ಕೆ ಬರೋಣ. ನೀವು ಊಟ ಮಾಡಿದ ಸುದ್ದಿ ಅಸಿನಾರ್ ಕೋಶಕ್ಕೆ ತಲುಪುವುದು ಎರಡು ದಾರಿಯಲ್ಲಿ. ಕರುಳಿನಿಂದ ರಕ್ತದ ಮೂಲಕ ಬರುವ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಒಂದು. ನರದ ತುದಿಯಿಂದ ಹೊರಬೀಳುವ ಅಸಿಟೈಲ್‌ಕೋಲಿನ್ ಇನ್ನೊಂದು. ಎರಡೂ ಕೋಶದೊಳಗೆ ನುಗ್ಗುವುದಿಲ್ಲ. ಕೋಶದ ಹೊರಪೊರೆಯಲ್ಲಿ ತಮತಮಗೆಂದೇ ಇರುವ ಗ್ರಾಹಕಕ್ಕೆ ಬಂದು ಕೂರುತ್ತವೆ, ಅಷ್ಟೆ. ಬಾಗಿಲಿನ ಕರೆಗಂಟೆ ಒತ್ತಿದವನು ಹೊರಗೇ ನಿಂತಿರುತ್ತಾನೆ, ಶಬ್ದವಾಗುವುದು ಒಳಗೆ, ಅಲ್ಲವೇ? ಹಾಗೆ ಒಳಗೆ ಹುಟ್ಟುವ ಸಂದೇಶವಾಹಕದ ಹೆಸರು ಐಪಿ3. ಅದು ಕೋಶದೊಳಗಿನ ಉಗ್ರಾಣದ ಬಾಗಿಲು ತೆರೆಸಿ ಕ್ಯಾಲ್ಸಿಯಂ ಹೊರಬಿಡಿಸುತ್ತದೆ. ಈ ಸಂಗತಿ ಮೊದಲು ಗೊತ್ತಾದದ್ದು 1983ರಲ್ಲಿ, ಸ್ಟ್ರೆಬ್, ಇರ್ವಿನ್, ಬೆರಿಡ್ಜ್ ಮತ್ತು ಶುಲ್ಟ್ಸ್ ಎಂಬ ನಾಲ್ವರ ಪ್ರಯೋಗದಿಂದ. ಆ ಪ್ರಯೋಗಕ್ಕೆ ಅವರು ಬಳಸಿದ್ದೂ ಮೇದೋಜೀರಕದ ಅಸಿನಾರ್ ಕೋಶಗಳನ್ನೇ. ಇಂದು ಮೆದುಳಿನಿಂದ ಹೃದಯದವರೆಗೆ ಎಲ್ಲೆಲ್ಲೂ ಓದುವ ಈ ಪಾಠ ಶುರುವಾದದ್ದು ನಮ್ಮ ಈ ಗ್ರಂಥಿಯಲ್ಲಿ.

ವಿಶ್ರಾಂತ ಸ್ಥಿತಿಯಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಸಾಂದ್ರತೆ ಹೊರಗಿನದರ ಸುಮಾರು ಹತ್ತು ಸಾವಿರದ ಒಂದು ಪಾಲು. ಊಟದ ಸುದ್ದಿ ಬಂದಾಗ ಅದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಗಂಟೆಯ ನಾದದಂತೆ ಬಿಟ್ಟು ಬಿಟ್ಟು ಬರುವ ಈ ಅಲೆಗಳಿಗೆ ಓಗೊಟ್ಟು ಪೊಟ್ಟಣಗಳು ಒಂದೊಂದಾಗಿ ನಾಳಕ್ಕೆ ತೆರೆದುಕೊಳ್ಳುತ್ತವೆ. ಕ್ಯಾಲ್ಸಿಯಂ ಏರುವಷ್ಟೇ ಇಳಿಯುವುದೂ ಮುಖ್ಯ ಎಂಬುದನ್ನು ಗಮನಿಸಿ.

ಇಳಿಯದೆ ಹೋದರೆ? ಕಾಯಿಲೆ ಶುರುವಾಗುವುದು ಅಲ್ಲೇ. ಪಿತ್ತಕೋಶದ ಸಣ್ಣ ಕಲ್ಲೊಂದು ಜಾರಿ ಬಂದು ನಾಳದ ಬಾಯಿಗೆ ಅಡ್ಡ ನಿಲ್ಲಬಹುದು. ಅತಿಯಾದ ಮದ್ಯಪಾನದಿಂದ ಹುಟ್ಟುವ ಕೊಬ್ಬಿನ ಉಪವಸ್ತುಗಳು ಕೋಶವನ್ನು ಕೆಡಿಸಬಹುದು. ಜಗತ್ತಿನ ಹೆಚ್ಚಿನ ಪ್ರಕರಣಗಳಿಗೆ ಕಾರಣ ಈ ಎರಡು. ಮೂರನೆಯದೊಂದು ನಮ್ಮ ರೈತ ಕುಟುಂಬಗಳು ತಿಳಿದಿರಬೇಕಾದದ್ದು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ದೇಹ ಸೇರಿದರೆ ಅಸಿಟೈಲ್‌ಕೋಲಿನ್ ನಾಶವಾಗದೆ ಉಳಿಯುತ್ತದೆ. ಕರೆಗಂಟೆಯ ಗುಂಡಿ ಒತ್ತಿದ ಹಾಗೇ ಸಿಕ್ಕಿಹಾಕಿಕೊಂಡಂತೆ! ಅಂಥ ವಿಷಪ್ರಾಶನದಲ್ಲಿ ಮೇದೋಜೀರಕದ ಉರಿಯೂತವೂ ಕಾಣಿಸಿಕೊಳ್ಳುವುದುಂಟು. ಕಾರಣ ಯಾವುದೇ ಇರಲಿ, ಕೋಶದೊಳಗೆ ಆಗುವುದು ಬಹುಮಟ್ಟಿಗೆ ಒಂದೇ. ಕ್ಯಾಲ್ಸಿಯಂ ಏರಿ ಏರಿದಲ್ಲೇ ನಿಲ್ಲುತ್ತದೆ, ಪೊಟ್ಟಣಗಳು ಹೊರಹೋಗಲಾರದೆ ಒಳಗೇ ಉಳಿಯುತ್ತವೆ, ಟ್ರಿಪ್ಸಿನೋಜನ್ ಇದ್ದಲ್ಲೇ ಟ್ರಿಪ್ಸಿನ್ ಆಗಿಬಿಡುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು 1896ರಲ್ಲೇ ಹಾನ್ಸ್ ಕಿಯಾರಿ ಹೇಳಿದ್ದರು. ಸರಿಯಾಗಿ ನೂರು ವರ್ಷಗಳ ಬಳಿಕ, 1996ರಲ್ಲಿ, ಡೇವಿಡ್ ವಿಟ್‌ಕೂಂಬ್ ಮತ್ತು ಸಂಗಡಿಗರು ಈ ಕಾಯಿಲೆ ವಂಶಪಾರಂಪರ್ಯವಾಗಿ ಬರುವ ಕುಟುಂಬಗಳಲ್ಲಿ ಟ್ರಿಪ್ಸಿನೋಜನ್ ವಂಶವಾಹಿಯಲ್ಲೇ ದೋಷವಿರುವುದನ್ನು ಪತ್ತೆಹಚ್ಚಿದರು. ಕಿಯಾರಿ ಗೆದ್ದರು ಎಂದೇ ಎಲ್ಲರೂ ಭಾವಿಸಿದರು. ನಾನು ಕಾಲೇಜಿನಲ್ಲಿ ಕಲಿತದ್ದೂ ಇಷ್ಟೇ: ಟ್ರಿಪ್ಸಿನ್ ಬೆಂಕಿ, ಉರಿಯೂತ ಅದರ ಹೊಗೆ.

ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಟ್ರಿಪ್ಸಿನ್ ಗ್ರಂಥಿಯನ್ನು ಸುಡಬಹುದು. ಶ್ವಾಸಕೋಶಕ್ಕೆ ಸುದ್ದಿ ಒಯ್ದವರು ಯಾರು?

ಹಿಂದೆ ನಮ್ಮ ಊರುಗಳಲ್ಲಿ ಸುದ್ದಿ ಸಾರಲು ಡಂಗುರ ಹೊಡೆಸುತ್ತಿದ್ದರು. ಜೀವಕೋಶಗಳಿಗೂ ಅಂಥ ಡಂಗುರವಿದೆ. ಅದರ ಹೆಸರು ಸೈಟೊಕೈನ್. ಇವು ಪುಟ್ಟ ಪ್ರೋಟೀನುಗಳು. ಒಂದು ಕೋಶ ಹೊರಬಿಟ್ಟದ್ದನ್ನು ಇನ್ನೊಂದು ಕೋಶ ತನ್ನ ಗ್ರಾಹಕದ ಮೂಲಕ ಕೇಳಿಸಿಕೊಳ್ಳುತ್ತದೆ. ಇಂಟರ್‌ಲ್ಯುಕಿನ್-6, ಟಿಎನ್‌ಎಫ್ ಎಂಬವು ಇವುಗಳಲ್ಲಿ ಪ್ರಸಿದ್ಧ. ಕೆಲವು ಸೈಟೊಕೈನ್‌ಗಳಿಗೆ ಬಿಳಿ ರಕ್ತಕಣಗಳನ್ನು ಕರೆದು ತರುವುದೇ ಕೆಲಸ. ಅವನ್ನು ಕೀಮೋಕೈನ್ ಎನ್ನುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವುದು ಈ ಡಂಗುರ ಕೇಳಿ ಬಂದವರ ಕೆಲಸದಿಂದ. ಅದು ರಕ್ಷಣೆಯೇ. ಡಂಗುರ ಹೊಡೆಯುವುದು ರೋಗನಿರೋಧಕ ಕೋಶಗಳು ಮಾತ್ರ ಎಂದು ಬಹುಕಾಲ ನಂಬಿದ್ದೆವು. ಜೀರ್ಣರಸ ತಯಾರಿಸುವ ಅಸಿನಾರ್ ಕೋಶವೂ ಗಾಯಗೊಂಡಾಗ ತಾನೇ ಡಂಗುರ ಹೊಡೆಯುತ್ತದೆ ಎಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು.

ಅದನ್ನು ಕಂಡುಹಿಡಿಯಲು ನೆರವಾದದ್ದು ಒಂದು ಕಪ್ಪೆ ಎಂದರೆ ನೀವು ನಗಬಹುದು. ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯ ಚರ್ಮದಿಂದ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಅವರ ತಂಡ 1960ರ ದಶಕದಲ್ಲಿ ಸೆರುಲಿನ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ರಚನೆ ನಮ್ಮ ಕೊಲೆಸಿಸ್ಟೊಕೈನಿನ್‌ನ ತುದಿಯನ್ನೇ ಹೋಲುತ್ತದೆ. ಇಲಿಗೆ ಗಂಟೆಗೊಮ್ಮೆ ಹೆಚ್ಚಿನ ಪ್ರಮಾಣದಲ್ಲಿ ಇದನ್ನು ಚುಚ್ಚಿದರೆ ಕೆಲವೇ ತಾಸುಗಳಲ್ಲಿ ಮೇದೋಜೀರಕದ ಉರಿಯೂತ ಬರುತ್ತದೆ. ಕಾಯಿಲೆಯ ಮೊದಲ ನಿಮಿಷಗಳನ್ನು ಮನುಷ್ಯರಲ್ಲಿ ಯಾರೂ ನೋಡಲಾರರು. ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಎಷ್ಟೋ ತಾಸು ಕಳೆದಿರುತ್ತದೆ. ಕಪ್ಪೆಯ ವಸ್ತು ಆ ನಿಮಿಷಗಳನ್ನು ಪ್ರಯೋಗಾಲಯಕ್ಕೆ ತಂದುಕೊಟ್ಟಿತು. ಸೆರುಲಿನ್ ಕೊಟ್ಟ ಅರ್ಧ ಗಂಟೆಯೊಳಗೆ ಅಸಿನಾರ್ ಕೋಶದೊಳಗೆ ಒಂದು ಪ್ರೋಟೀನು ಎಚ್ಚೆತ್ತು ಕೋಶಕೇಂದ್ರದ ಕಡೆ ಹೊರಟಿರುತ್ತದೆ.

ಅದರ ಹೆಸರು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಬೇರೇನನ್ನೋ ಹುಡುಕುತ್ತಿದ್ದಾಗ ಕಂಡರು. ಬಿ ಎಂಬ ಜಾತಿಯ ಬಿಳಿ ರಕ್ತಕಣಗಳಲ್ಲಿ, ಪ್ರತಿಕಾಯದ ಕಪ್ಪಾ ಎಂಬ ಸರಪಣಿಯ ವಂಶವಾಹಿಯ ಹತ್ತಿರ ಅಂಟಿಕೊಳ್ಳುತ್ತಿದ್ದ ಪ್ರೋಟೀನು ಎಂದು ಆ ಹೆಸರು. ಆಮೇಲೆ ನೋಡಿದರೆ ಅದು ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ! ಹೆಸರು ಮಾತ್ರ ಹಾಗೇ ಉಳಿಯಿತು.

ಇದು ಕೆಲಸ ಮಾಡುವ ಬಗೆ ಬಹಳ ಸೊಗಸಾದದ್ದು. ಶಾಂತ ಕಾಲದಲ್ಲಿ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರದ ಹೊರಗೆ ಕಾದಿರುತ್ತದೆ. ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಅಪ್ಪಿ ಹಿಡಿದು ಕಟ್ಟಿಹಾಕಿರುತ್ತದೆ. ಕ್ಯಾಲ್ಸಿಯಂ ಮಿತಿಮೀರಿ ಏರಿದಾಗ ಪ್ರೋಟೀನ್ ಕೈನೇಸ್ ಸಿ ಬಳಗದ ಕಿಣ್ವಗಳು ಚುರುಕಾಗುತ್ತವೆ. ಸಂಕೇತ ಕೈಯಿಂದ ಕೈಗೆ ದಾಟಿ ಐಕೆಕೆ ಎಂಬ ಕಿಣ್ವವನ್ನು ಮುಟ್ಟುತ್ತದೆ. ಐಕೆಕೆ ಮಾಡುವುದು ಇಷ್ಟೇ: ಐ-ಕಪ್ಪಾ-ಬಿ ಮೇಲೆ ಎರಡು ಜಾಗದಲ್ಲಿ ಒಂದೊಂದು ಫಾಸ್ಫೇಟ್ ಅಂಟಿಸುತ್ತದೆ. ಮರ ಕಡಿಯುವ ಮೊದಲು ಗುರುತು ಹಾಕುತ್ತಾರಲ್ಲ, ಹಾಗೆ. ಗುರುತು ಬಿದ್ದ ಐ-ಕಪ್ಪಾ-ಬಿಯನ್ನು ಕೋಶದ ಕಸ ಅರೆಯುವ ಯಂತ್ರವಾದ ಪ್ರೋಟಿಯಸೋಮ್ ನುಂಗಿಹಾಕುತ್ತದೆ. ಕಟ್ಟು ಬಿಚ್ಚಿತು. ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರವನ್ನು ಹೊಕ್ಕು, ಡಿ.ಎನ್.ಎ.ಯ ಮೇಲೆ ಸುಮಾರು ಹತ್ತು ಅಕ್ಷರಗಳ ತನ್ನ ಗುರುತಿನ ಸಾಲನ್ನು ಹುಡುಕಿ ಅಂಟಿಕೊಳ್ಳುತ್ತದೆ. ಟಿಎನ್‌ಎಫ್, ಇಂಟರ್‌ಲ್ಯುಕಿನ್-6, ಕೀಮೋಕೈನ್‌ಗಳ ವಂಶವಾಹಿಗಳ ಪ್ರತಿ ತೆಗೆಯುವ ಕೆಲಸ ಅಲ್ಲಿಂದ ಶುರು. ಹೊಸದಾಗಿ ಏನನ್ನೂ ತಯಾರಿಸದೆ, ಇರುವುದನ್ನೇ ಕಟ್ಟಿಟ್ಟು ಬೇಕಾದಾಗ ಬಿಚ್ಚುವ ಏರ್ಪಾಡು ಇದು. ಎಷ್ಟು ಬೇಗ ಎಚ್ಚರವಾಗುತ್ತದೆ ಎಂಬುದರ ಗುಟ್ಟು ಇಲ್ಲಿದೆ.

ಇನ್ನೂ ಒಂದು ಸ್ವಾರಸ್ಯ ಕೇಳಿ. ಎನ್‌ಎಫ್-ಕಪ್ಪಾ-ಬಿ ಪ್ರತಿ ತೆಗೆಸುವ ವಂಶವಾಹಿಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ತನ್ನನ್ನು ಕಟ್ಟುವ ಹಗ್ಗವನ್ನು ತಾನೇ ನೇಯಿಸಿಕೊಳ್ಳುತ್ತದೆ! ಹೊಸ ಹಗ್ಗ ಬಂದೊಡನೆ ಅದು ಮತ್ತೆ ಕಟ್ಟಿಗೆ ಬೀಳುತ್ತದೆ. ಸಣ್ಣ ಗಾಯವಾದರೆ ಡಂಗುರ ತಾನಾಗಿ ನಿಲ್ಲುವುದು ಹೀಗೆ. ಮೇದೋಜೀರಕದ ಉರಿಯೂತಕ್ಕೆ ಒಳಗಾದವರಲ್ಲಿ ಸುಮಾರು ಹತ್ತಕ್ಕೆ ಎಂಟು ಮಂದಿ ಹೆಚ್ಚಿನ ತೊಡಕಿಲ್ಲದೆ ಗುಣವಾಗುತ್ತಾರೆ. ಆದರೆ ಹೊರಬಿದ್ದ ಟಿಎನ್‌ಎಫ್ ಪಕ್ಕದ ಕೋಶದ ಗ್ರಾಹಕವನ್ನು ಮುಟ್ಟಿದರೆ ಅಲ್ಲಿಯೂ ಐಕೆಕೆ ಎಚ್ಚರಗೊಳ್ಳುತ್ತದೆ, ಅಲ್ಲಿಯೂ ಕಟ್ಟು ಬಿಚ್ಚುತ್ತದೆ. ಅಷ್ಟರಲ್ಲಿ ಕರೆ ಕೇಳಿ ಬಂದ ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್‌ಗಳೂ ತಮ್ಮ ಪಾಲಿನ ಸೈಟೊಕೈನ್ ಸುರಿಯತೊಡಗುತ್ತವೆ. ಹಗ್ಗ ನೇಯುವುದಕ್ಕಿಂತ ಬಿಚ್ಚುವುದೇ ಬೇಗವಾದಾಗ ಡಂಗುರ ನಿಲ್ಲದು.

ಹಾಗಾದರೆ ಈ ಡಂಗುರ ಹೊಡೆಸಿದ್ದು ಟ್ರಿಪ್ಸಿನ್ನೇ? ಬೆಂಕಿ ಹತ್ತಿದ್ದರಿಂದ ತಾನೇ ಕೂಗು? ಇದನ್ನು ನೇರವಾಗಿ ಪರೀಕ್ಷಿಸಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ರಾಜಿಂದರ್ ದಾವ್ರಾ, ಅಶೋಕ್ ಸಲೂಜಾ ಮತ್ತು ಸಂಗಡಿಗರು. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಂದು ಮುಖ್ಯ ಟ್ರಿಪ್ಸಿನೋಜನ್ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳಿದ್ದವು. ಸೆರುಲಿನ್ ಕೊಟ್ಟಾಗ ಅವುಗಳ ಕೋಶದೊಳಗೆ ಟ್ರಿಪ್ಸಿನ್ ಹುಟ್ಟಲಿಲ್ಲ. ಆರಂಭದ ಕೋಶಹಾನಿಯೂ ಕಡಿಮೆಯಾಯಿತು. ಉರಿಯೂತ? ಅದು ಮಾತ್ರ ಸಾಮಾನ್ಯ ಇಲಿಗಳಷ್ಟೇ ಇತ್ತು. ಎನ್‌ಎಫ್-ಕಪ್ಪಾ-ಬಿ ಎಂದಿನಂತೆ ಎಚ್ಚೆತ್ತಿತ್ತು.

ಅಂದರೆ ಬೆಂಕಿ ಮತ್ತು ಡಂಗುರ ಒಂದೇ ಕಿಡಿಯಿಂದ ಹುಟ್ಟಿದರೂ ಹಿಡಿಯುವ ದಾರಿ ಬೇರೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆಂದು ಕಾಣುವುದು ಇದೇ. ಬ್ರಿಟನ್ನಿನಲ್ಲಿ 1977ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಪ್ರೊಟಿನಿನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದ್ದರು. ಪ್ರಯೋಜನ ಕಾಣಲಿಲ್ಲ. ಬೆಂಕಿಗೆ ನೀರು ಹಾಕಿದ ಮಾತ್ರಕ್ಕೆ ಆಗಲೇ ಊರೂರಿಗೆ ಹೊರಟುಹೋದ ಡಂಗುರದವನನ್ನು ಹಿಂದಕ್ಕೆ ಕರೆಯಲಾಗದು ಎಂದು ಇಂದು ನಾವು ಅದನ್ನು ಓದಿಕೊಳ್ಳಬಹುದು.

ಊರೂರಿಗೆ ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. ಮೇದೋಜೀರಕದಿಂದ ಹೊರಟ ಇಂಟರ್‌ಲ್ಯುಕಿನ್-6 ರಕ್ತದಲ್ಲಿ ಹೋಗಿ ಯಕೃತ್ತನ್ನು ತಲುಪುತ್ತದೆ. ಯಕೃತ್ತು ಅದನ್ನು ಕೇಳಿಸಿಕೊಂಡು ಸಿ.ಆರ್.ಪಿ. ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಮಿನ ಒಳಗಿರುತ್ತದೆ. ಕಾಯಿಲೆ ಶುರುವಾದ 48 ಗಂಟೆಯ ಹೊತ್ತಿಗೆ 150 ದಾಟಿದರೆ ವೈದ್ಯರು ಎಚ್ಚರ ವಹಿಸುತ್ತಾರೆ. ರಕ್ತಪರೀಕ್ಷೆಯ ಕಾಗದದ ಆ ಒಂದು ಸಂಖ್ಯೆ ದೂರದ ಗ್ರಂಥಿಯ ಕೂಗಿಗೆ ಯಕೃತ್ತು ಕೊಟ್ಟ ಓಗೊಡುವಿಕೆ.

ಈಗ ಶ್ವಾಸಕೋಶ. 2013ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಇಲಿಗಳಲ್ಲಿ ಈ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿತು. ಗ್ರಂಥಿಗೆ ಬಂದ ಬಿಳಿ ರಕ್ತಕಣಗಳು ಇಂಟರ್‌ಲ್ಯುಕಿನ್-6 ಸುರಿಯುತ್ತವೆ. ಅದು ರಕ್ತದಲ್ಲಿ ತೇಲುವ ಬಿಡಿ ಗ್ರಾಹಕದೊಡನೆ ಜೋಡಿಯಾಗಿ ಮೇದೋಜೀರಕದ ಕೋಶಗಳಲ್ಲಿ ಸ್ಟ್ಯಾಟ್-3 ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ಎಚ್ಚರಿಸುತ್ತದೆ. ಸ್ಟ್ಯಾಟ್-3 ಒಂದು ಕೀಮೋಕೈನ್ ತಯಾರಿಸಲು ಹೇಳುತ್ತದೆ. ಈ ಕೀಮೋಕೈನ್ ರಕ್ತದಲ್ಲಿ ತುಂಬಿದಾಗ ನ್ಯೂಟ್ರೋಫಿಲ್‌ಗಳ ದಂಡು ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ನೆರೆಯುತ್ತದೆ. ದೇಹದ ರಕ್ತವೆಲ್ಲ ಹಾದುಹೋಗಬೇಕಾದ ಜಾಲ ಅದು. ಬಂದವರು ತಮ್ಮ ಕಿಣ್ವಗಳನ್ನು ಸುರಿದರೆ ಗಾಳಿಗೂಡುಗಳ ತೆಳುಗೋಡೆ ಸೋರುತ್ತದೆ, ಗಾಳಿ ಇರಬೇಕಾದಲ್ಲಿ ನೀರು ತುಂಬುತ್ತದೆ. ಉಸಿರು ಕಟ್ಟುತ್ತದೆ. ಇಂಟರ್‌ಲ್ಯುಕಿನ್-6ರ ಆ ಜೋಡಿಯನ್ನು ತಡೆದಾಗ ಇಲಿಗಳ ಶ್ವಾಸಕೋಶ ಉಳಿಯಿತು, ಸಾವೂ ತಗ್ಗಿತು.

ಸರಿ, ಡಂಗುರವನ್ನೇ ನಿಲ್ಲಿಸುವ ಔಷಧ ಕೊಟ್ಟರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಎಂದುಕೊಂಡಿದ್ದೆ. ಆದರೆ ಎನ್‌ಎಫ್-ಕಪ್ಪಾ-ಬಿ ಸೈಟೊಕೈನ್‌ಗಳನ್ನಷ್ಟೇ ತಯಾರಿಸುವುದಿಲ್ಲ. ಕೋಶವನ್ನು ಸಾವಿನಿಂದ ಕಾಯುವ ಪ್ರೋಟೀನುಗಳನ್ನೂ ತಯಾರಿಸುತ್ತದೆ. 2007ರಲ್ಲಿ ಮೇದೋಜೀರಕದ ಕೋಶಗಳಲ್ಲಿ ಅದನ್ನು ಕೆಲಸ ಮಾಡದಂತೆ ಮಾಡಿದ ಇಲಿಗಳಲ್ಲಿ ಕಾಯಿಲೆ ಹಗುರವಾಗುವ ಬದಲು ಭೀಕರವಾಯಿತು. 2013ರಲ್ಲಿ ಇನ್ನೊಂದು ಪ್ರಯೋಗಾಲಯ ಅದೇ ಕೋಶಗಳಲ್ಲಿ ಅದನ್ನು ಹೆಚ್ಚು ಚುರುಕಾಗಿಸಿದಾಗಲೂ ಕಾಯಿಲೆ ಬಲಿಯಿತು. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು! ಎಷ್ಟು, ಯಾವಾಗ, ಯಾವ ಕೋಶದಲ್ಲಿ ಎಂಬ ಮೂರೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಸಿಗದೆ ಗುಂಡಿ ಒತ್ತುವಂತಿಲ್ಲ. ಉರಿಯೂತದ ಇನ್ನೊಂದು ಸಂದೇಶವಾಹಕವನ್ನು ತಡೆಯುವ ಲೆಕ್ಸಿಪಾಫಾಂಟ್ ಎಂಬ ಔಷಧ 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೋತಿತು. ರೋಗಿ ಬರುವ ಹೊತ್ತಿಗೆ ಸುದ್ದಿ ಹರಡಿಯಾಗಿರುತ್ತದೆ ಎಂಬ ತೊಡಕು ಅಲ್ಲಿಯೂ ಇತ್ತು.

ಹಾಗಾಗಿ ಇಂದಿಗೂ ವಾರ್ಡಿನಲ್ಲಿ ನಡೆಯುವುದು ಸರಳವಾಗಿ ಕಾಣುವ ಕೆಲಸ: ನೋವು ತಗ್ಗಿಸುವುದು, ಅಳತೆಯಲ್ಲಿ ದ್ರವ ಕೊಡುವುದು, ಕಲ್ಲಿದ್ದರೆ ತೆಗೆಯುವುದು, ಉಸಿರಿಗೆ ಆಸರೆಯಾಗುವುದು. ಅಳತೆಯಲ್ಲಿ ಎಂದದ್ದಕ್ಕೆ ಕಾರಣವಿದೆ. ಭಾರತ, ಇಟಲಿ, ಮೆಕ್ಸಿಕೊ ಮತ್ತು ಸ್ಪೇನ್ ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊದಲಿಗೇ ಧಾರಾಳವಾಗಿ ದ್ರವ ಏರಿಸಿದವರಿಗೆ ಲಾಭ ಕಾಣಲಿಲ್ಲ. ದೇಹದಲ್ಲಿ ನೀರು ಹೆಚ್ಚಾಗುವ ತೊಂದರೆ ಮಾತ್ರ ಹೆಚ್ಚಿತು. ಸೋರುತ್ತಿರುವ ಶ್ವಾಸಕೋಶವನ್ನು ನೆನಪಿಸಿಕೊಂಡರೆ ಏಕೆಂದು ನಿಮಗೇ ಹೊಳೆಯುತ್ತದೆ.

ಕಾರ್ಯಕ್ರಮದ ನಂತರ ಆ ವಿದ್ಯಾರ್ಥಿನಿ ಇನ್ನೊಂದು ಮಾತು ಕೇಳಿದಳು. ಗ್ರಂಥಿಗೆ ವಿಶ್ರಾಂತಿ ಬೇಕಲ್ಲವೇ, ಆದರೂ ಪ್ರಜ್ಞೆಯಿಲ್ಲದ ತಂದೆಗೆ ಮೂಗಿನ ಕೊಳವೆಯಲ್ಲಿ ಆಹಾರ ಯಾಕೆ ಕೊಡುತ್ತಿದ್ದರು? ಹಿಂದೆ ಎಲ್ಲ ಕಡೆ ಉಪವಾಸವೇ ಪದ್ಧತಿಯಾಗಿತ್ತು ಎಂಬುದು ನಿಜ. ಆದರೆ ಬರಿದಾಗಿ ಬಿಟ್ಟ ಕರುಳಿನ ಗೋಡೆ ಸಡಿಲಗೊಂಡು, ಒಳಗಿನ ಬ್ಯಾಕ್ಟೀರಿಯಾ ಮತ್ತು ಅವುಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೋರುತ್ತವೆ. ಆ ಚೂರುಗಳನ್ನು ಗುರುತಿಸುವ ಗ್ರಾಹಕ ನಮ್ಮ ಬಿಳಿ ರಕ್ತಕಣಗಳ ಮೇಲಿದೆ. ಅದನ್ನು ಮುಟ್ಟಿದರೆ ಒಳಗೆ ಎಚ್ಚರಗೊಳ್ಳುವುದು ಮತ್ತೆ ಅದೇ ಐಕೆಕೆ, ಬಿಚ್ಚುವುದು ಮತ್ತೆ ಅದೇ ಕಟ್ಟು. ಕೊಳವೆಯಲ್ಲಿ ಹೋಗುತ್ತಿದ್ದ ಆಹಾರ ತಂದೆಯ ಹಸಿವಿಗಷ್ಟೇ ಅಲ್ಲ, ಆ ಗೋಡೆಗೂ ಆಗಿತ್ತು.